ನನ್ನ ಮೊಣಕಾಲು ಮತ್ತು ಹಿರಾನೋ ಸಾನ್ ಕಾರು

ನಮ್ಮ ಬಾಲ್ಕನಿಯಲ್ಲಿ ಹೆಂಡತಿ ಸುಧಾಳ ಕೊತ್ತಂಬರಿ ಸೊಪ್ಪಿನ ಎರಡು ಕುಂಡಗಳು ನನ್ನ ಬೆನ್ನಿನ ಮೇಲೆ ಕೂತಿವೆ. ಮೆಂತ್ಯದ ಕುಂಡವೊಂದು ಇನ್ನೂ ಸ್ವಲ್ಪ ಕೆಳಗೆ, ಹೇಳಲು ಸಂಕೋಚವಾಗುವ ಜಾಗದಲ್ಲಿ ಕೂತಿದೆ. ಗಾಬರಿಯಾಗಬೇಡಿ. ನಾನು ಒಳಗೆ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ. ಹೊರಗಿರುವುದು ನನ್ನ ಅಚ್ಚು ಮಾತ್ರ: ಕಪ್ಪು ಕಸದ ಚೀಲದೊಳಗೆ ಉಬ್ಬಿ ಗಟ್ಟಿಯಾಗಿ ಹೋದ ಹಳದಿ ಫೋಮು. ಒಂಬತ್ತು ವರ್ಷದ ಮಗಳು ಇಳಾ ಅದಕ್ಕೆ ಜಪಾನಿ ಭಾಷೆಯಲ್ಲಿ 'ಪಾಪಾ ನೋ ಒಶಿರಿ' ಎಂದು ಹೆಸರಿಟ್ಟಿದ್ದಾಳೆ. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಮೆಂತ್ಯದ ಕುಂಡದ ವಿಚಾರ ಈಗಾಗಲೇ ಹೇಳಿದ್ದೇನಲ್ಲ.

ಆ ಅಚ್ಚು ಎಡಕ್ಕೆ ವಾಲಿದೆ. ಹಾಗಾಗಿ ಕುಂಡಗಳೂ ಎಡಕ್ಕೆ ವಾಲಿವೆ, ಗಿಡಗಳೂ ಎಡಕ್ಕೆ ವಾಲಿಕೊಂಡೇ ಬೆಳೆಯುತ್ತಿವೆ. ನೀರು ಹಾಕಿದಾಗಲೆಲ್ಲ ಸುಧಾ, "ನಿಮ್ಮ ಸುಳ್ಳಿನಿಂದ ನನ್ನ ಕೊತ್ತಂಬರಿ ಸೊಟ್ಟಗಾಯ್ತು ನೋಡಿ," ಎನ್ನುತ್ತಾಳೆ. ಮಾತು ನಿಜ. ಅದು ನಾನು ಹೇಳಿದ ಸುಳ್ಳೊಂದರ ಅಚ್ಚು. ಸುಳ್ಳು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದರ ಮೇಲೆ ಕುಂಡ ಇಡುವಷ್ಟು ಗಟ್ಟಿಯಾಗಿ ಹೇಳಿದವನು ನಾನೊಬ್ಬನೇ ಇರಬೇಕು.

ಮೊದಲು ನನ್ನ ಎತ್ತರದ ವಿಷಯ ಹೇಳಿಬಿಡುತ್ತೇನೆ. ಆರಡಿ ನಾಲ್ಕಂಗುಲ. ಎತ್ತರ ಕಡಿಮೆ ಇರುವವರು ಇದನ್ನೊಂದು ಭಾಗ್ಯ ಎಂದುಕೊಳ್ಳುತ್ತಾರೆ. ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಇಳಿಸುವುದು, ಬಲ್ಬು ಬದಲಿಸುವುದು, ಫ್ಯಾನಿನ ರೆಕ್ಕೆ ಒರೆಸುವುದು ಎಲ್ಲ ನನ್ನ ಪಾಲಿಗೇ ಬರುತ್ತಿತ್ತು. ಅಮ್ಮ ನನ್ನನ್ನು ಪಕ್ಕದ ಮನೆಯವರಿಗೆ ಏಣಿಯ ಹಾಗೆ ಕಡ ಕೊಡುತ್ತಿದ್ದಳು. ಹಬ್ಬದ ಹಿಂದಿನ ದಿನವಂತೂ ನಮ್ಮ ಬೀದಿಯ ಅಷ್ಟೂ ಮನೆಗಳ ಜೇಡರ ಬಲೆ ನನ್ನ ತಲೆಯ ಮೇಲಿರುತ್ತಿತ್ತು.

ಪ್ಯಾಂಟು ಹೊಲಿಸುವಾಗ ಅಮ್ಮ ದರ್ಜಿಗೆ, "ಕಾಲಿನ ಹತ್ರ ಒಳಗೆ ನಾಲ್ಕು ಬೆರಳು ಮಡಚಿ ಬಿಡಿ, ಇವನು ನಿಲ್ಲೋ ಹಾಗೆ ಕಾಣಲ್ಲ," ಎನ್ನುತ್ತಿದ್ದಳು. ಪ್ರತಿ ಜೂನಿನಲ್ಲಿ ಒಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಬಟ್ಟೆಯ ನೀಲಿ ಇನ್ನೂ ಹೊಸದಾಗಿರುತ್ತಿತ್ತು, ಮೇಲಿನದು ಮಾಸಿರುತ್ತಿತ್ತು. ನಾನು ಯಾವ ವರ್ಷ ಎಷ್ಟು ಬೆಳೆದೆ ಎಂದು ಇಡೀ ಶಾಲೆ ನನ್ನ ಪ್ಯಾಂಟು ನೋಡಿಯೇ ಹೇಳಬಹುದಾಗಿತ್ತು. ತರಗತಿಯ ಫೋಟೋ ತೆಗೆಯುವ ದಿನ ನಾನು ಖಾಯಂ ಕೊನೆಯ ಸಾಲು. ಅಷ್ಟಾದರೂ ಫೋಟೋದವರಿಗೆ ಸಮಾಧಾನವಿಲ್ಲ. "ಹಿಂದುಗಡೆ ಉದ್ದಕ್ಕಿರೋನು ಸ್ವಲ್ಪ ಮಂಡಿ ಬಗ್ಗಿಸಪ್ಪಾ" ಎಂದು ಕೂಗುತ್ತಿದ್ದರು. ಆ ಫೋಟೋಗಳಲ್ಲಿ ನಾನು ಎಲ್ಲರಂತೆ ನೆಟ್ಟಗೆ ನಿಂತಿರುವಂತೆ ಕಾಣುತ್ತೇನೆ. ಮುಂದಿನ ಸಾಲಿನವರ ಹಿಂದೆ ನನ್ನ ಮಂಡಿಗಳು ನಡುಗುತ್ತಿದ್ದುದು ನನಗೊಬ್ಬನಿಗೇ ಗೊತ್ತು.

ಹೀಗೆ ಮಂಡಿ ಬಗ್ಗಿಸಿಯೇ ಬೆಳೆದವನು ನಾನು. ನಮ್ಮ ಕಡೆ ಇದಕ್ಕೆ ಒಂದು ಮುದ್ದಾದ ಹೆಸರೂ ಇದೆ, ಅಡ್ಜಸ್ಟ್ ಮಾಡಿಕೊಳ್ಳುವುದು. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರೆ ನಾವು ಇಲ್ಲದ ಜಾಗವನ್ನು ಎಲ್ಲಿಂದಲೋ ಹುಟ್ಟಿಸುತ್ತೇವೆ. ಆಮೇಲೆ "ಆರಾಮಾಗಿ ಕೂತ್ಕೊಳ್ಳಿ" ಎಂದು ನಾವೇ ಹೇಳುತ್ತೇವೆ, ಅರ್ಧ ಮೈ ಗಾಳಿಯಲ್ಲಿದ್ದುಕೊಂಡು. ನೆಂಟರ ಮನೆಯ ದಿವಾನದಲ್ಲಿ ಮೊಣಕಾಲಿನಿಂದ ಕೆಳಗೆ ಹೊರಗೆ ಇಳಿಬಿಟ್ಟು ಮಲಗಿದ್ದೇನೆ, ಬೆಳಿಗ್ಗೆ "ನಿದ್ದೆ ಬಂತಾ?" ಎಂದು ಕೇಳಿದರೆ "ಚೆನ್ನಾಗಿ ಬಂತು" ಎಂದಿದ್ದೇನೆ. 'ಪರವಾಗಿಲ್ಲ' ಎನ್ನುವುದು ನಾನು ಬದುಕಿನಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು.

ಎಂಟು ವರ್ಷದ ಕೆಳಗೆ ಜಪಾನಿನ ಒಕಾಜಾಕಿಗೆ ಬಂದೆ. ಇಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳನ್ನು ಸಂಸ್ಕರಿಸುವ ಸಾಫ್ಟ್‌ವೇರ್ ಬರೆಯುವ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದು ನನ್ನ ವೃತ್ತಿ, ದೊಡ್ಡವನಾದ ನನ್ನನ್ನು ಸಣ್ಣದು ಮಾಡಿಕೊಳ್ಳುವುದು ದಿನಚರಿ. ಹಳೆಯ ಮನೆ, ಹಳೆಯ ಹೋಟೆಲು ಎಲ್ಲಿ ಹೋದರೂ ಬಾಗಿಲ ಮೇಲಿನ ತೊಲೆ ಸರಿಯಾಗಿ ನನ್ನ ಹಣೆಯ ಮಟ್ಟಕ್ಕಿರುತ್ತಿತ್ತು. ಮೊದಲ ವರ್ಷ ತಲೆ ಬಡಿಸಿಕೊಂಡಾಗಲೆಲ್ಲ ಅಭ್ಯಾಸಬಲದಿಂದ ಆ ತೊಲೆಗೇ "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದೆ. ಇಲ್ಲಿನವರು ಮಾತುಮಾತಿಗೆ ಹೇಳುವ 'ದೈಜೋಬು' ಎಂಬ ಪದ ಕೇಳಿದಾಗ ಮಾತ್ರ ಊರಿನವರೊಬ್ಬರು ಸಿಕ್ಕಂತಾಯಿತು. ನಮ್ಮ 'ಪರವಾಗಿಲ್ಲ' ನನಗಿಂತ ಮೊದಲೇ ಇಲ್ಲಿಗೆ ಬಂದು ನೆಲೆಸಿತ್ತು.

ಹಿರಾನೋ ಸಾನ್, ಅಂದರೆ ನಮ್ಮ ರೀತಿಯಲ್ಲಿ ಹಿರಾನೋ ಅವರು, ಪರಿಚಯವಾದದ್ದೂ ಹಣೆಯ ದೆಸೆಯಿಂದಲೇ. ನಮ್ಮ ಬೀದಿಯ ಕಸ ಇಡುವ ಗೂಡಿಗೆ ತಗಡಿನ ಮಾಡೊಂದಿದೆ. ಒಂದು ಬೆಳಿಗ್ಗೆ ಅದರ ಅಂಚಿಗೆ ಹಣೆ ಬಡಿಸಿಕೊಂಡು, ಯಾರೂ ನೋಡಲಿಲ್ಲ ಎಂದುಕೊಂಡು ಮನೆಗೆ ಬಂದೆ. ಮರುದಿನ ಹೋದಾಗ ಆ ಅಂಚಿಗೆ ಮೆತ್ತನೆಯ ರಬ್ಬರು ಸುತ್ತಿ, ಮೇಲೆ ಕೆಂಪು ಟೇಪು ಅಂಟಿಸಿತ್ತು. ಎದುರುಮನೆಯ ವೃದ್ಧರು ದೂರದಿಂದಲೇ ತಲೆಬಾಗಿದರು. ಅವರ ಅಂಗಿಯ ಜೇಬಿನಿಂದ ಅಳತೆಯ ಟೇಪಿನ ತುದಿ ಇಣುಕುತ್ತಿತ್ತು. ಮುಂದೆ ಎಷ್ಟೋ ವರ್ಷ ನೋಡಿದ್ದೇನೆ, ಆ ಟೇಪಿಲ್ಲದ ಹಿರಾನೋ ಸಾನ್ ಅವರನ್ನು ಒಮ್ಮೆಯೂ ಕಂಡಿಲ್ಲ. ಅವರ ಎತ್ತರ ಐದಡಿ ಎರಡಂಗುಲ. ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕುಶಲಕರ್ಮಿಯಾಗಿ ನಿವೃತ್ತರಾದವರು. ಈಗ ಎಂಬತ್ತರ ಹತ್ತಿರ.

ಅವರ ಗ್ಯಾರೇಜಿನಲ್ಲಿ ಆ ಕಾರಿತ್ತು. ಬಿಡಿಭಾಗಗಳೆಲ್ಲ ಮರದ ಪೆಟ್ಟಿಗೆಗಳಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವಂತೆ. ಹಿರಾನೋ ಸಾನ್ ಒಬ್ಬರೇ ಏಳು ವರ್ಷ ಕೂತು ಒಂದೊಂದೇ ಬೋಲ್ಟು ಬಿಗಿದು ಜೋಡಿಸಿದ್ದರು. ಮೇಲ್ಛಾವಣಿಯಿಲ್ಲ, ಬಾಗಿಲಿಲ್ಲ, ಎರಡೇ ಸೀಟು, ಮುಂದೆ ಉದ್ದನೆಯ ಮೂಗು. ಇಡೀ ಕಾರು ನನ್ನ ಸೊಂಟದೆತ್ತರವೂ ಇಲ್ಲ. ಒಳಗೆ ಹತ್ತುವುದೆಂದರೆ ಸ್ನಾನದ ತೊಟ್ಟಿಗೆ ಇಳಿದಂತೆ ಕಾಲೆತ್ತಿ ಇಳಿಯಬೇಕು. ಅವರ ಹೆಂಡತಿ ಕಜೂಎ ಸಾನ್ ಎರಡೇ ಸಲ ಅದರಲ್ಲಿ ಕೂತವರು. ಎರಡನೆಯ ಸಲ ಇಳಿದವರೇ ಕೂದಲು ಸರಿಮಾಡಿಕೊಳ್ಳುತ್ತಾ, "ಬಹಳ ಚೆನ್ನಾಗಿತ್ತು. ಇನ್ನು ಸಾಕು," ಎಂದರಂತೆ.

ಪ್ರತಿ ಭಾನುವಾರ ಬೆಳಿಗ್ಗೆ ಅದು ನಮ್ಮ ಮನೆ ಮುಂದೆ ಹಾದುಹೋಗುತ್ತಿತ್ತು. ಹಸಿರು ಬಣ್ಣ, ಟೋಪಿ ಹಾಕಿದ ಪುಟ್ಟ ಮನುಷ್ಯ, ಒಂದು ಕೈ ಬೀಸಾಟ. ನಾನು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದೆ. ಕಾರಿನ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ಈ ಕಾರಿನ ಮೇಲೆ ಮಾತ್ರ ಆಸೆಯಿತ್ತು, ಚಿಕ್ಕ ಹುಡುಗರಿಗೆ ಇರುವಂಥ, ಯಾರಿಗೂ ಹೇಳಲಾಗದ ಆಸೆ.

ಕಳೆದ ವರ್ಷ ಏಪ್ರಿಲಿನಲ್ಲಿ ಹಿರಾನೋ ಸಾನ್ ನನ್ನನ್ನು ಗ್ಯಾರೇಜಿಗೆ ಕರೆದರು. ನಮ್ಮಿಬ್ಬರ ಮಾತು ಜಪಾನಿಯಲ್ಲಿ. ನನ್ನ ಜಪಾನಿಯ ಹರುಕುಗಳನ್ನು ಮುಚ್ಚಿಕೊಳ್ಳಲು ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

"ನವೆಂಬರಿನಲ್ಲಿ ನನ್ನ ಹುಟ್ಟುಹಬ್ಬ. ಅವತ್ತು ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸ್ ವಾಪಸ್ ಕೊಡ್ತೀನಿ," ಎಂದರು. ಇಲ್ಲಿ ವಯಸ್ಸಾದವರು ತಾವಾಗಿಯೇ ಹಾಗೆ ಮಾಡುವುದುಂಟು. ಜನವರಿಯಲ್ಲಿ ಒಂದು ದಿನ ಅವರಿಗೆ ಕೆಂಪು ದೀಪ ಸ್ವಲ್ಪ ತಡವಾಗಿ ಕಂಡಿತಂತೆ. ಏನೂ ಆಗಲಿಲ್ಲ. ಯಾರೂ ನೋಡಲೂ ಇಲ್ಲ. ಆದರೂ ಅಂದೇ ತೀರ್ಮಾನಿಸಿದರಂತೆ.

"ನಾಗೋಯಾದ ಒಬ್ಬರು ಕಾರು ಕೇಳಿದಾರೆ. ಗಾಜಿನ ಕೋಣೆಯಲ್ಲಿ ಇಡ್ತಾರಂತೆ. ಎಣ್ಣೆ, ಪೆಟ್ರೋಲು ಎಲ್ಲ ತೆಗೆದುಬಿಟ್ಟು." ಅವರು ಕಾರಿನ ಮೂಗಿನ ಮೇಲೆ ಕೈಯಿಟ್ಟರು. "ನೀವು ಬಾಲ್ಕನಿಯಿಂದ ನೋಡೋದನ್ನ ನಾನು ನೋಡಿದೀನಿ. ನಿಮಗೆ ಇದರಲ್ಲಿ ಕೂರೋಕಾದ್ರೆ ನೀವೇ ಓಡಿಸಿ. ಭಾನುವಾರ ನಾನು ಪಕ್ಕದಲ್ಲಿ ಕೂತಿರ್ತೀನಿ. ಆಗದಿದ್ದರೆ ನಾಗೋಯಾ."

ಕಾಲೆತ್ತಿ ಒಳಗಿಳಿದೆ. ಇಳಿದೆ ಎನ್ನುವುದಕ್ಕಿಂತ ಮಡಿಕೆ ಮಡಿಕೆಯಾಗಿ ಒಳಗೆ ಹೋದೆ ಎನ್ನಬೇಕು. ಮೊಣಕಾಲುಗಳು ಸ್ಟಿಯರಿಂಗಿನ ಎರಡೂ ಕಡೆ ಮೇಲೆದ್ದು ನಿಂತವು. ಎಡಗಾಲು ಕ್ಲಚ್ಚಿನ ಮೇಲಿಟ್ಟರೆ ಮಂಡಿ ಸ್ಟಿಯರಿಂಗಿಗೆ ತಾಗುತ್ತಿತ್ತು, ತೆಗೆದರೆ ಇಡಲು ಬೇರೆ ಜಾಗವಿಲ್ಲ. ಬ್ರೇಕ್ ಒತ್ತಲು ಹೋದರೆ ಬೂಟಿನ ಅಂಚು ಪಕ್ಕದ ಆಕ್ಸಿಲರೇಟರನ್ನೂ ಮುಟ್ಟುತ್ತಿತ್ತು. ಮುಂದಿನ ಗಾಜಿನ ಮೇಲ್ಚೌಕಟ್ಟು ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ಕತ್ತು ಬಗ್ಗಿಸಿದರೆ ರಸ್ತೆ ಕಾಣುತ್ತದೆ, ಎತ್ತಿದರೆ ಆಕಾಶ ಕಾಣುತ್ತದೆ, ನೆಟ್ಟಗೆ ಕೂತರೆ ಚೌಕಟ್ಟು ಮಾತ್ರ ಕಾಣುತ್ತದೆ.

"ಹೇಗಿದೆ?" ಎಂದರು ಹಿರಾನೋ ಸಾನ್.

ಇಲ್ಲಿನವರ ರೀತಿ ನನಗೆ ಗೊತ್ತು. ಒಂದೇ ಸಲ ಕೇಳುತ್ತಾರೆ. 'ಆಗುವುದಿಲ್ಲ' ಎಂದರೆ ತಲೆಬಾಗಿ ಕ್ಷಮೆ ಕೇಳಿ, ಮತ್ತೆ ಆ ಮಾತೇ ಎತ್ತುವುದಿಲ್ಲ. ಆಮೇಲೆ ಗಾಜಿನ ಕೋಣೆ.

"ದೈಜೋಬು! ತುಂಬಾ ಆರಾಮಾಗಿದೆ," ಎಂದೆ.

ಅವರ ಮುಖ ಅರಳಿತು. "ಹಾಗಾದ್ರೆ ನಿಮ್ಮ ಮೈಗೆ ಸರಿಯಾಗಿ ಸೀಟು ಮಾಡೋಣ," ಎಂದು ಕಪಾಟಿನಿಂದ ಎರಡು ಡಬ್ಬ ತೆಗೆದರು.

ಆ ವಿಧಾನ ಹೀಗೆ. ಎರಡು ದ್ರವಗಳನ್ನು ಬೆರೆಸಿ ಕಸದ ಚೀಲಕ್ಕೆ ಸುರಿದು ಸೀಟಿನಲ್ಲಿಡುತ್ತಾರೆ. ನಾವು ಅದರ ಮೇಲೆ ಅಲುಗಾಡದೆ ಕೂರಬೇಕು. ಅದು ಇಡ್ಲಿ ಹಿಟ್ಟಿನಂತೆ ಉಬ್ಬುತ್ತಾ, ಬೆಚ್ಚಗಾಗುತ್ತಾ, ಬೆನ್ನು ಸೊಂಟ ತೊಡೆಗಳ ಸಂದುಗಳನ್ನೆಲ್ಲ ತುಂಬಿ ಗಟ್ಟಿಯಾಗುತ್ತದೆ. ಆಮೇಲೆ ಆ ಸೀಟು ಪ್ರಪಂಚದಲ್ಲಿ ನಮಗೊಬ್ಬರಿಗೇ ಹೊಂದುತ್ತದೆ. ಕಾಲು ಗಂಟೆ ಕೂತೆ. ಕಜೂಎ ಸಾನ್ ಸ್ಟ್ರಾ ಹಾಕಿದ ಬಾರ್ಲಿ ಟೀ ತಂದು ಬಾಯಿಗೆ ಹಿಡಿದರು. ಎಡಗಾಲು ಜೋಮು ಹಿಡಿದು ಆಮೇಲೆ ಮಾಯವೇ ಆಯಿತು. ಇಳಾ ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಪಾಪಾ, ಯುವರ್ ಫೇಸ್ ಈಸ್ ಪರ್ಪಲ್," ಎಂದಳು. ನಾನು ನಗಲೂ ಇಲ್ಲ, ನಕ್ಕರೆ ಅಚ್ಚು ಕೆಡುತ್ತದೆ.

ಗಟ್ಟಿಯಾದ ಫೋಮನ್ನು ಹಿರಾನೋ ಸಾನ್ ಮೇಜಿನ ಮೇಲಿಟ್ಟು ದೀಪ ಹತ್ತಿರಕ್ಕೆಳೆದರು. ನಲವತ್ತು ವರ್ಷ ಅಚ್ಚುಗಳನ್ನು ಓದಿದ ಕೈ ಅದರ ಮೇಲೆ ನಿಧಾನವಾಗಿ ಓಡಾಡಿತು. ಒಂದು ಕಡೆ ನಿಂತಿತು.

"ಇಲ್ಲಿ ನೀವು ಸೊಂಟ ಎತ್ತಿ ಹಿಡಿದಿದ್ದೀರಿ," ಎಂದರು. ಸ್ವಲ್ಪ ಮೇಲೆ ಹೋಗಿ, "ಇಲ್ಲಿ ಉಸಿರು ಕಟ್ಟಿದ್ದೀರಿ." ಇನ್ನೊಂದು ಪಕ್ಕಕ್ಕೆ ಹೋಗಿ, "ಇಡೀ ಭಾರ ಎಡಗಡೆ." ಆಮೇಲೆ ನನ್ನ ಕಡೆ ನೋಡದೆ, "ಇದರಲ್ಲಿ ಕೂತಿದ್ದ ಮನುಷ್ಯ ಆರಾಮಾಗಿರಲಿಲ್ಲ," ಎಂದರು.

ನಾನು "ಇಲ್ಲ, ಇಲ್ಲ, ಪರವಾಗಿಲ್ಲ" ಎನ್ನುವುದರೊಳಗೆ ದೀಪ ಆರಿಸಿದರು. ದಣಿದಿರಬೇಕು, ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ತಲೆಬಾಗಿ ಹೇಳಿದರು. ಮರ್ಯಾದೆಗೆ ಎಳ್ಳಷ್ಟೂ ಕೊರತೆಯಿರಲಿಲ್ಲ. ಮುಂದಿನ ಭಾನುವಾರ ಗ್ಯಾರೇಜಿನ ಷಟರ್ ಎಳೆದಿತ್ತು. ಅದರ ಮುಂದಿನ ಭಾನುವಾರವೂ ಎಳೆದಿತ್ತು. ಹಸಿರು ಕಾರು ಬೀದಿಗೆ ಬರಲೇ ಇಲ್ಲ. ಕಸದ ಗೂಡಿನ ಹತ್ತಿರ ಎದುರಾದರೆ ಅವರು ಮೊದಲಿಗಿಂತ ಒಂದಂಗುಲ ಹೆಚ್ಚೇ ಬಾಗುತ್ತಿದ್ದರು. ಆ ಹೆಚ್ಚಿನ ಒಂದಂಗುಲ ನನ್ನನ್ನು ತಿನ್ನುತ್ತಿತ್ತು.

"ಪಾಪ, ಮುಜುಗರ ಆಗಬಾರದು ಅಂತ ಹೇಳಿದ್ದು ನಾನು. ಅವರು ಅದನ್ನ ಇಷ್ಟು ಸೀರಿಯಸ್ಸಾಗಿ ತಗೊಳ್ಳೋದಾ?" ಎಂದು ಸುಧಾಳ ಹತ್ತಿರ ಗೊಣಗಿದೆ.

ಸುಧಾ ಐದಡಿ ಒಂದಂಗುಲ. ನನ್ನ ಎದೆಯ ಹತ್ತಿರದಿಂದಲೇ ನನ್ನನ್ನು ಗದರುವ ಕಲೆ ಅವಳಿಗೆ ಚೆನ್ನಾಗಿ ಗೊತ್ತು. "ಅವರಿಗೆ ಮುಜುಗರ ಆಗಬಾರದು ಅಂತಲ್ಲ. ಕಾರು ತಪ್ಪಿಹೋಗುತ್ತೆ ಅಂತ ಹೇಳಿದ್ರಿ. ಅದನ್ನಾದ್ರೂ ಆನೆಸ್ಟಾಗಿ ಒಪ್ಕೊಳ್ರೀ. ಮದುವೆ ಆದಾಗಿಂದ ನೋಡ್ತಿದೀನಿ, ಚಪ್ಪಲಿ ಕಚ್ಚಿದ್ರೂ ಪರವಾಗಿಲ್ಲ, ಸಾರಿಗೆ ಉಪ್ಪಿಲ್ಲದಿದ್ರೂ ಪರವಾಗಿಲ್ಲ. ನಿಮಗೆ ನಿಜವಾಗ್ಲೂ ಏನು ಬೇಕು ಅಂತ ನನಗೇ ಇನ್ನೂ ಗೊತ್ತಿಲ್ಲ. ಹೋಗಿ ಹೇಳಿ ಬನ್ನಿ."

ಅವಳು ಕರಿದಿಟ್ಟ ಕೋಡುಬಳೆಯ ಡಬ್ಬ ಹಿಡಿದು ಎದುರುಮನೆಗೆ ಹೋದೆ. ಹಿರಾನೋ ಸಾನ್ ಬಾಗಿಲು ತೆರೆದರು. "ಸುಮಿಮಾಸೆನ್. ನನಗೆ ಆರಾಮಾಗಿರಲಿಲ್ಲ," ಎಂದೆ. ಇಷ್ಟು ಹೇಳುವುದಕ್ಕೆ ನನಗೆ ಬೆವರು ಬಂತು.

ಅವರು ಎರಡೂ ಕೈಯಲ್ಲಿ ಡಬ್ಬ ತೆಗೆದುಕೊಂಡು ಒಳಗೆ ಕಜೂಎ ಸಾನ್ ಕೈಗೆ ಕೊಟ್ಟು ಬಂದರು. "ನನ್ನ ಕಣ್ಣಿನ ವಿಷಯದಲ್ಲಿ ನಾನು ನಿಜ ಹೇಳಿದೆ. ಅದು ಸುಲಭ ಆಗಿರಲಿಲ್ಲ. ನಿಮ್ಮ ಕಾಲಿನ ವಿಷಯದಲ್ಲಿ ನೀವು ನಿಜ ಹೇಳಲಿಲ್ಲ," ಎಂದರು. "ಬ್ರೇಕಿಗೆ ದೈಜೋಬು ಅಂದರೆ ಅರ್ಥ ಆಗಲ್ಲ."

ನನಗೆ ನಾಚಿಕೆಯಾಯಿತು. ಅವರು ತಮ್ಮ ಭಾನುವಾರಗಳನ್ನೆಲ್ಲ ತಾವಾಗಿ ಕಳಚಿಡುತ್ತಿದ್ದ ಹೊತ್ತಿನಲ್ಲಿ ನಾನು ಬಸ್ಸಿನಲ್ಲಿ ಸೀಟು ಹಿಡಿಯುವವನ ಹಾಗೆ ನಡೆದುಕೊಂಡಿದ್ದೆ. ಹಿರಾನೋ ಸಾನ್ ಜೇಬಿನಿಂದ ಪುಟ್ಟ ನೋಟ್‌ಬುಕ್ಕೂ ಪೆನ್ಸಿಲ್ಲೂ ತೆಗೆದರು.

"ಎಲ್ಲಿ ಆರಾಮಿಲ್ಲ?"

"ಎಡ ಮೊಣಕಾಲು," ಎಂದೆ.

"ಆಮೇಲೆ?"

"ಬಲ ಮೊಣಕಾಲು. ಬೂಟು ಬ್ರೇಕಿಗಿಂತ ಅಗಲ. ಕಣ್ಣೆದುರಿಗೆ ಚೌಕಟ್ಟು ಬರುತ್ತೆ."

"ಆಮೇಲೆ?"

ಆಮೇಲೆ ಕಟ್ಟೆಯೊಡೆದ ಹಾಗಾಯಿತು. ಸ್ಟಿಯರಿಂಗು ಹೊಟ್ಟೆಗೆ ತಾಗುತ್ತದೆ, ಮೊಣಕೈ ಆಡಿಸಲು ಜಾಗವಿಲ್ಲ, ಗೇರು ಹಾಕಿದರೆ ತೊಡೆಗೆ ಬಡಿಯುತ್ತದೆ, ಹಿಮ್ಮಡಿಗೆ ಆಧಾರವಿಲ್ಲ. ಹೇಳಿದಷ್ಟೂ ಅವರ ಮುಖ ಬೆಳಗುತ್ತಿತ್ತು. ಎರಡು ಪುಟ ತುಂಬಿತು. ನಾನು ಇಷ್ಟು ದೂರುಗಳನ್ನು ಒಟ್ಟಿಗೆ ಹೇಳಿದ್ದು, ಅವನ್ನು ಒಬ್ಬರು ಇಷ್ಟು ಪ್ರೀತಿಯಿಂದ ಕೇಳಿಸಿಕೊಂಡದ್ದು ನನ್ನ ಬದುಕಿನಲ್ಲೇ ಮೊದಲು. ಒಳಗಿನಿಂದ ಕಜೂಎ ಸಾನ್ ಕೋಡುಬಳೆ ಕಡಿಯುವ ಸದ್ದು ಕೇಳುತ್ತಿತ್ತು.

ಇಲ್ಲಿನ ಬೇಸಿಗೆಯೆಲ್ಲ ಅದೇ ಕೆಲಸ. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ ಅಳೆದರು. ಗೊತ್ತಾದದ್ದೇನೆಂದರೆ ನನ್ನ ಉದ್ದವೆಲ್ಲ ಕಾಲಿನಲ್ಲೇ ಇಲ್ಲ, ಬೆನ್ನಿನಲ್ಲೂ ಬೇಕಾದಷ್ಟಿದೆ. ಪೆಡಲುಗಳನ್ನು ಮುಂದಕ್ಕೆ ಸರಿಸಲು ಹೊಸ ತೂತು ಕೊರೆದರು. ಕೈಯಲ್ಲಿ ಕಳಚಿ ತೆಗೆದಿಡಬಹುದಾದ ಚಿಕ್ಕ ಸ್ಟಿಯರಿಂಗು ಹಾಕಿದರು. ನನಗೆ ಕಿರಿದಾದ ಅಟ್ಟೆಯ ಕ್ಯಾನ್‌ವಾಸ್ ಬೂಟು ಕೊಳ್ಳಲು ಹೇಳಿದರು. ನನ್ನ ಅಳತೆಯ ಬೂಟು ಒಕಾಜಾಕಿಯಲ್ಲಿ ಸಿಗದೆ ಊರಿನಿಂದಲೇ ತರಿಸಬೇಕಾಯಿತು. ಆದರೆ ಕಣ್ಣೆದುರಿನ ಚೌಕಟ್ಟು ಮಾತ್ರ ಬಗೆಹರಿಯಲಿಲ್ಲ. ಸೀಟನ್ನು ಎಷ್ಟು ಇಳಿಸಿದರೂ ಅದರ ಕೆಳಗಿನ ಕಬ್ಬಿಣದ ಹಳಿಗಳು ಎರಡಂಗುಲ ಮೇಲೆತ್ತುತ್ತಿದ್ದವು. ಸೆಪ್ಟೆಂಬರ್ ಬಂತು. ನಾಗೋಯಾದವರ ಕಾಗದವೊಂದು ಮೇಜಿನ ಮೇಲೆ ಕಾಣಿಸಿಕೊಂಡಿತು.

ಅವತ್ತು ಸುಧಾ ಇಳಾಳನ್ನು ಊಟಕ್ಕೆ ಕರೆಯಲು ಗ್ಯಾರೇಜಿಗೆ ಬಂದಿದ್ದಳು. ನಾವಿಬ್ಬರೂ ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ನೋಡಿ, "ಅಯ್ಯೋ, ಹಳಿ ಸೀಟು ಎಲ್ಲ ಕಿತ್ತಾಕಿ. ನೆಲದ ಮೇಲೆ ಕೂತ್ರಾಯ್ತಪ್ಪ. ಊರಲ್ಲಿ ಊಟಕ್ಕೆ ಮಣೆ ಹಾಕ್ಕೊಂಡು ಕೂರ್ತಿರಲಿಲ್ವಾ?" ಎಂದಳು.

ನಾನು ನಕ್ಕುಬಿಟ್ಟೆ. ಇಳಾ ಅದನ್ನು ಸಲೀಸಾಗಿ ಜಪಾನಿಯಲ್ಲಿ ಹೇಳಿದಳು. ಹಿರಾನೋ ಸಾನ್ ನಗಲಿಲ್ಲ. "ಮಣೆ ಅಂದರೆ ಏನು?" ಎಂದರು. ಸುಧಾ ಮನೆಗೆ ಹೋಗಿ, ನಾವು ಹಬ್ಬದ ದಿನ ಬಳಸುವ ಮೈಸೂರಿನ ಹಲಸಿನ ಮರದ ಮಣೆ ತಂದಳು. ನಾನು ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಉಂಡವನು. ಮಂಡಿಗಳು ಎಲೆಯ ಎರಡೂ ಕಡೆಗೆ ಚಾಚಿಕೊಂಡು ಪಕ್ಕದವರ ಪಾಯಸಕ್ಕೆ ತಾಗುತ್ತಿದ್ದವು. ಹಿರಾನೋ ಸಾನ್ ಆ ಮಣೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, ಅಳೆದರು. ಮರುದಿನ ಹೊತ್ತಿಗೆ ಸೀಟೂ ಇಲ್ಲ, ಹಳಿಯೂ ಇಲ್ಲ. ಬರೀ ನೆಲ, ಅದರ ಮೇಲೆ ಎರಡು ಬೆರಳಷ್ಟು ಫೋಮು.

ಎರಡನೆಯ ಅಚ್ಚಿಗೆ ಕೂತೆ. ಗಾಜಿನ ಮೂಲಕ ಗ್ಯಾರೇಜಿನ ಹೊರಗಿನ ರಸ್ತೆ ಪೂರ್ತಿ ಕಂಡಿತು. ಕಾಲು ಚಾಚಿದೆ. ಅದು ಹೋಗುತ್ತಾ ಹೋಗುತ್ತಾ ಇದ್ದು, ಕೊನೆಗೆ ಸರಿಯಾಗಿ ಪೆಡಲು ಇದ್ದಲ್ಲಿ ಮುಗಿಯಿತು. ಫೋಮು ಬೆಚ್ಚಗಾಗಿ ಬೆನ್ನಿನ ಹಿಂದೆ ಮೇಲೇರುತ್ತಿತ್ತು. ಅದಾದ ಮೇಲೆ ನನಗೆ ನೆನಪಿಲ್ಲ. ಎಚ್ಚರವಾದಾಗ ಗ್ಯಾರೇಜಿನಲ್ಲಿ ಸದ್ದಿರಲಿಲ್ಲ, ಇಳಾ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು, ಹಿರಾನೋ ಸಾನ್ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ನಾನು ಮುಕ್ಕಾಲು ಗಂಟೆ ನಿದ್ದೆ ಮಾಡಿದ್ದೆನಂತೆ, ಗೊರಕೆ ಸಮೇತ.

ಅಚ್ಚನ್ನು ಮೇಜಿನ ಮೇಲಿಟ್ಟು ಅವರು ಕೈಯಾಡಿಸಿದರು. ಎಡ ಬಲ ಎರಡೂ ಒಂದೇ ಸಮ. "ಇವರು ಆರಾಮಾಗಿದ್ದಾರೆ," ಎಂದು ನನ್ನ ಅಚ್ಚನ್ನು ನನಗೇ ಪರಿಚಯ ಮಾಡಿಕೊಟ್ಟರು. ಹಳೆಯ ಅಚ್ಚನ್ನು ಎಸೆಯಲು ಹೊರಟಾಗ ಸುಧಾ ಬಿಡಲಿಲ್ಲ. ಕುಂಡಕ್ಕಾಗುತ್ತದೆ ಎಂದು ಬಾಲ್ಕನಿಗೆ ಹೊತ್ತೊಯ್ದಳು.

ಅಕ್ಟೋಬರಿನಲ್ಲಿ ವಾಹನ ತಪಾಸಣೆಯೂ ಮುಗಿಯಿತು. ನವೆಂಬರಿನ ಆ ದಿನ ಹಿರಾನೋ ಸಾನ್ ಕೋಟು ಟೈ ಹಾಕಿಕೊಂಡು ಬಸ್ಸಿನಲ್ಲಿ ಪೊಲೀಸ್ ಠಾಣೆಗೆ ಹೋಗಿ ಬಂದರು. ನಾಗೋಯಾದವರಿಗೆ ಅವರೇ ಕ್ಷಮೆ ಕೇಳಿ ಕಾಗದ ಬರೆದರು.

ಮೊದಲ ಭಾನುವಾರ ಹೊರಟೆವು. ಕೋಟೆಯ ಪಕ್ಕದಲ್ಲಿ ಹಾದು, ಸೋಯಾ ಕಾಳಿನ ಮಿಸೊ ಹುದುಗಿಸುವ ಹಳೆಯ ಗೋದಾಮುಗಳ ವಾಸನೆಯೊಳಗಿಂದ ನುಗ್ಗಿ, ಯಾಹಾಗಿ ನದಿಯ ದಡದ ರಸ್ತೆಗೆ ಬಿದ್ದೆವು. ಚಳಿಗಾಳಿ, ಹಿತವಾದ ಬಿಸಿಲು. ನಲವತ್ತೆರಡು ವರ್ಷಗಳಲ್ಲಿ ಮೊದಲ ಸಲ ನನ್ನ ಕಾಲುಗಳು ಎಷ್ಟು ಉದ್ದವೋ ಅಷ್ಟೇ ಉದ್ದ ಇದ್ದವು. ಎಲ್ಲೂ ಮಡಿಕೆಯಿಲ್ಲ. ನನಗೆ ಹಾಡಬೇಕೆನಿಸಿತು. ತರಗತಿಯ ಫೋಟೋದವರನ್ನು ಕರೆದು ಈಗ ತೆಗೆಯಿರಿ ಎನ್ನಬೇಕೆನಿಸಿತು.

ಆಗ ಪಕ್ಕಕ್ಕೆ ನೋಡಿದೆ. ಹಿರಾನೋ ಸಾನ್ ಪ್ರತಿ ತಿರುವಿನಲ್ಲೂ ಸೀಟಿನಲ್ಲಿ ಜಾರುತ್ತಿದ್ದರು. ಆ ಕಡೆ ಪೆಡಲುಗಳಿಲ್ಲ, ಕಾಲಿಗೆ ಆನಿಕೆಯಿಲ್ಲ. ಅವರ ಪುಟ್ಟ ಕಾಲುಗಳು ಮುಂದಿನ ತಗಡಿಗೆ ಎಟುಕದೆ ಅತ್ತಿತ್ತ ಹೊರಳುತ್ತಿದ್ದವು. ಒಂದು ಕೈ ಪಕ್ಕದ ತಗಡಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮುಂದೆ ದೀಪ ಕೆಂಪಾದಾಗ ನನಗಿಂತ ಮೊದಲು ಅವರ ಬಲಗಾಲು ಗಾಳಿಯಲ್ಲಿ ಬ್ರೇಕ್ ಒತ್ತಿತು.

"ಹಿರಾನೋ ಸಾನ್, ಆರಾಮಾಗಿದ್ದೀರಾ?"

"ದೈಜೋಬು, ದೈಜೋಬು."

ಎಲೆಯುದುರಿದ ಚೆರಿ ಮರವೊಂದರ ಕೆಳಗೆ ಕಾರು ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಅವರ ಜೇಬಿನ ನೋಟ್‌ಬುಕ್ ಕೊಡಿ ಎಂದು ಕೈಚಾಚಿದೆ. ಅವರು ಅರೆಗಳಿಗೆ ತಡೆದು ಕೊಟ್ಟರು.

"ಎಲ್ಲಿ ಆರಾಮಿಲ್ಲ?" ಎಂದು ಕೇಳಿದೆ.

ಅವರು ನದಿಯ ಕಡೆ ನೋಡುತ್ತಾ ಒಂದು ಬೆರಳು ಮಡಚಿದರು. "ಒಂದು. ಕಾಲು ಊರೋಕೆ ಮುಂದೆ ಏನೂ ಎಟುಕ್ತಾ ಇಲ್ಲ."

"ಆಮೇಲೆ?"

ಎರಡನೆಯ ಬೆರಳು ಮಡಚಲು ಬಹಳ ಹೊತ್ತು ಹಿಡಿಯಿತು. "ಎರಡು. ನಾನೇ ಓಡಿಸಬೇಕು ಅನ್ನಿಸ್ತಿದೆ. ತುಂಬಾ ಅನ್ನಿಸ್ತಿದೆ."

ಬಾಯಿಯವರೆಗೆ ಬಂದ 'ಪರವಾಗಿಲ್ಲ'ವನ್ನು ನುಂಗಿಕೊಂಡೆ. ಎರಡನ್ನೂ ಒಂದರ ಕೆಳಗೊಂದು ಬರೆದುಕೊಂಡೆ, ಜಪಾನಿ ಬರವಣಿಗೆ ನನಗೆ ಅಷ್ಟು ಬರುವುದಿಲ್ಲ, ಹಾಗಾಗಿ ಕನ್ನಡದಲ್ಲಿ.

ಮೊದಲನೆಯದು ಆ ಸಂಜೆಯೇ ಸರಿಹೋಯಿತು. ಸುಧಾ ಮಣೆಯನ್ನು ಕೊಟ್ಟಳು, ನಾನು ಅಳತೆ ಹಿಡಿದೆ, ಹಿರಾನೋ ಸಾನ್ ಅದನ್ನು ಓರೆಯಾಗಿ ನಿಲ್ಲಿಸಿ ಬಿಗಿದರು. ಈಗ ಅವರು ಹಲಸಿನ ಮಣೆಯ ಮೇಲೆ ಎರಡೂ ಪಾದ ಊರಿ ಭದ್ರವಾಗಿ ಕೂರುತ್ತಾರೆ. ಹಬ್ಬಕ್ಕೆ ಬೇಕಾದಾಗ ನಾಲ್ಕು ತಿರುಪು ಬಿಚ್ಚಿ, ಒರೆಸಿ, ಅವರೇ ತಂದುಕೊಡುತ್ತಾರೆ.

ಎರಡನೆಯದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಪ್ರತಿ ಭಾನುವಾರ ಹೊರಡುವ ಮೊದಲು ಅವರು ನೋಟ್‌ಬುಕ್ಕಿನ ಆ ಪುಟ ತೆರೆದು ನನ್ನ ಕೈಗೆ ಕೊಡುತ್ತಾರೆ. ಕನ್ನಡ ಓದಲು ಬಾರದಿದ್ದರೂ ಯಾವ ಸಾಲು ಯಾವುದೆಂದು ಅವರಿಗೆ ಗೊತ್ತು.

"ಒಂದು?" ಎನ್ನುತ್ತೇನೆ.

"ಸರಿಯಾಗಿದೆ."

"ಎರಡು?"

"ಇನ್ನೂ ಇದೆ," ಎನ್ನುತ್ತಾರೆ ಹಿರಾನೋ ಸಾನ್, ಟೋಪಿ ಸರಿಮಾಡಿಕೊಳ್ಳುತ್ತಾ.

ನಾನು ಪುಟ ಮಡಚಿ ವಾಪಸ್ ಕೊಟ್ಟು, ಆ ದಿನ ಸ್ವಲ್ಪ ಸುತ್ತಿನ ದಾರಿ ಹಿಡಿಯುತ್ತೇನೆ.